ಲೆಸ್ಟರ್ ಡೊಂಬೆಕ್‌ನ ಮೂಲ ಧೂಳು

ಕೆಲ್ಸೋ ಊರಿನ ಶಾಲೆಯ ಹಳದಿ ಬಸ್ಸನ್ನು ಮೂವತ್ತೊಂದು ವರ್ಷ ಓಡಿಸಿ ನಿವೃತ್ತನಾದ ಲೆಸ್ಟರ್ ಡೊಂಬೆಕ್ ಸುಳ್ಳು ಹೇಳುವ ಮನುಷ್ಯನಲ್ಲ. ಅದಕ್ಕೆ ಬೇಕಾದ ಚುರುಕು ಅವನಲ್ಲಿರಲಿಲ್ಲ. ಆ ಬೇಸಿಗೆಯಲ್ಲಿ ಅವನ ಮನೆ ಮುಂದೆ ಜನ ಸಾಲುಗಟ್ಟಿದ್ದು, ಟೌನ್‌ಶಿಪ್ ಮಂಡಳಿ ಠರಾವು ಮಾಡಿದ್ದು, ಬ್ಯಾಂಡಿನವರು ಟೋಪಿ ತೆಗೆದು ನಿಂತದ್ದು, ಎಲ್ಲವೂ ಅವನು ಒಂದೇ ಒಂದು ಸಲ ಚುರುಕಾಗಿ ಮಾತಾಡಲು ಹೋಗಿದ್ದರ ಫಲ.

ಎಲ್ಲಕ್ಕೂ ಮೂಲ ಒಂದು ಕಾರು, ೧೯೬೮ರ ಪಾಂಟಿಯಾಕ್ ಜಿಟಿಓ. ಲೆಸ್ಟರ್ ಹದಿನೆಂಟರ ಹುಡುಗನಾಗಿದ್ದಾಗ ಇಂಥದೇ ಒಂದು ಹಸಿರು ಕಾರು ಪೆಟ್ರೋಲ್ ಬಂಕಿನಲ್ಲಿ ಅವನ ಪಕ್ಕ ನಿಂತು, ಒಂದು ಗಳಿಗೆ ಗುರುಗುಟ್ಟಿ, ಹೊರಟುಹೋಗಿತ್ತು. ಹೊರಟುಹೋಯಿತು ಎನ್ನುವುದೂ ಸರಿಯಲ್ಲ. ಅದು ಇತ್ತು, ಆಮೇಲೆ ಇರಲಿಲ್ಲ. ಆ ಗುರುಗುಡುವಿಕೆ ಅವನ ಪಕ್ಕೆಲುಬಿನೊಳಗೆಲ್ಲೋ ಉಳಿದುಬಿಟ್ಟಿತು. ಬಳಿಕ ವಿಧಿ ಅವನ ಕೈಗೆ ಕೊಟ್ಟದ್ದು ಅರವತ್ತು ಮಕ್ಕಳು ಕೂರುವ, ಇಳಿಜಾರಿನಲ್ಲೂ ಏದುಸಿರು ಬಿಡುವ ಬಸ್ಸನ್ನು.

ನಿವೃತ್ತಿಯಾದ ಮೇ ತಿಂಗಳಲ್ಲೇ, ಉತ್ತರಕ್ಕೆ ಎಂಬತ್ತು ಮೈಲಿ ದೂರದಲ್ಲಿ ಹೊಲಮನೆ ಮಾರಿ ಮಗಳ ಊರಿಗೆ ಹೊರಟಿದ್ದ ಆಲ್ಮಾ ಲ್ಯಾಂಡ್‌ಗ್ರಾಫ್ ಎಂಬ ವಿಧವೆಯ ಕೊಟ್ಟಿಗೆಯಲ್ಲಿ ಅವನಿಗೆ ಅಂಥ ಕಾರು ಸಿಕ್ಕಿತು. ಬಣ್ಣ ಯಾವುದೆಂದು ಹೇಳಲಾಗದಷ್ಟು ಧೂಳು. ಬಾನೆಟ್ ಮೇಲೆ ಹಕ್ಕಿಗೂಡು.

"ನಮ್ಮೆಜಮಾನರ ತಮ್ಮ ಡ್ಯೂಯಿದು," ಎಂದಳು ಆಲ್ಮಾ. "ಯುದ್ಧಕ್ಕೆ ಹೋಗುವಾಗ ತಂದು ನಿಲ್ಸಿದ್ದ. ಆಮೇಲೆ ಇಲ್ಲೇ ಉಳೀತು. ಕಾಗದಪತ್ರ ಎಲ್ಲಾ ನಮ್ಮನೆಯವರ ಹೆಸರಿಗಾಗಿದೆ. ಹಿಂದಿನ ಸೀಟಲ್ಲಿ ಕೂತಿರೋ ಕೋಳಿ ಮಾತ್ರ ಕೊಡಲ್ಲ ನೋಡಿ."

ಕೋಳಿಯನ್ನು ಬಿಟ್ಟು ಉಳಿದದ್ದನ್ನು ಲೆಸ್ಟರ್ ಮನೆಗೆ ತಂದ. ಟ್ರೇಲರಿನಿಂದ ಇಳಿಸಿ ಮನೆ ಮುಂದಿನ ಹುಲ್ಲಿನ ಮೇಲೆ ನಿಲ್ಲಿಸುವಾಗ ಅವನ ಹೆಂಡತಿ ವಾಂಡಾ ಹಿಂದಿನಿಂದ ತಳ್ಳಿದಳು. ಲೆಸ್ಟರ್ ಸ್ಟಿಯರಿಂಗ್ ಹಿಡಿದು ಕೂತು ಮಾರ್ಗದರ್ಶನ ಮಾಡಿದ.

ವಾಂಡಾ ಊರಿನ ಡ್ರೈಕ್ಲೀನಿಂಗ್ ಅಂಗಡಿಯ ಒಡತಿ. ಕಾಫಿ, ರಕ್ತ, ಸಾಸಿವೆ, ಮದುಮಗಳ ಕಾಡಿಗೆ, ಯಾವ ಕಲೆಯೂ ಅವಳ ಕೈಯಿಂದ ಬದುಕಿ ಹೋದದ್ದಿಲ್ಲ. ಅವಳು ಕಾರನ್ನು ಒಂದು ಸುತ್ತು ಬಂದು, ಅಂಗೈ ಕೊಡವಿಕೊಂಡು ಹೇಳಿದಳು: "ಸೆಪ್ಟೆಂಬರ್ ಹದಿನೈದಕ್ಕೆ ನಮ್ಮ ಮದುವೆಯಾಗಿ ನಲವತ್ತು ವರ್ಷ. ಅವತ್ತು ಇದನ್ನ ತೊಳೆದು, ರಿಪೇರಿ ಮಾಡಿ, ಸರೋವರದ ತನಕ ನನ್ನ ಕರ್ಕೊಂಡು ಹೋಗಿ ಮೀನೂಟ ಕೊಡ್ಸು. ಆಗಲ್ಲ ಅಂದ್ರೆ ಇದು ಬಂದ ದಾರೀಲೇ ವಾಪಸ್ ಹೋಗಲಿ. ನೀನು ಜೊತೆಗೆ ಹೋಗ್ತೀಯೋ ಬಿಡ್ತೀಯೋ ನಿನಗೆ ಬಿಟ್ಟಿದ್ದು."

ಲೆಸ್ಟರ್ ಒಪ್ಪಿದ. ಇಟ್ಟಿಗೆಯಷ್ಟು ದಪ್ಪದ ರಿಪೇರಿ ಪುಸ್ತಕ ತರಿಸಿದ. ಪೆಟ್ಟಿಗೆ ತುಂಬ ಸ್ಪ್ಯಾನರು ಜೋಡಿಸಿದ. ಮೊದಲನೆಯ ಸೋಮವಾರ ಬಾನೆಟ್ ಎತ್ತಿ ಒಂದು ಬೋಲ್ಟ್ ಬಿಚ್ಚಿದ. ಬಿಚ್ಚಿದ ಮೇಲೆ ಅದು ಎಲ್ಲಿಂದ ಬಂತೆಂದು ತಿಳಿಯದೆ ಗಾಬರಿಯಾಗಿ ಬಾನೆಟ್ ಮುಚ್ಚಿದ. ಅಲ್ಲಿಂದ ಮುಂದೆ ಅವನ ದುರಸ್ತಿ ಕೆಲಸವೆಂದರೆ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಾರಿನ ಎದುರು ಮಡಚು ಕುರ್ಚಿಯಲ್ಲಿ ಕೂರುವುದು. ಕುಡಿದು ಮುಗಿದರೆ ಇನ್ನೊಂದು ಲೋಟ. ಹೀಗೆ ಆರು ವಾರ ದುಡಿದ.

ಪಕ್ಕದ ಮನೆಯ ವರ್ಜಿಲ್ ಟಟಲ್ ಇದನ್ನೆಲ್ಲ ಬೇಲಿಯಾಚೆಯಿಂದ ನೋಡುತ್ತಿದ್ದ. ಅವನು ಮೂವತ್ತು ವರ್ಷ ಮನೆಮನೆಯ ನೀರಿನ ಮೀಟರ್ ಓದಿದವನು. ಇಣುಕುವುದು ಆಗ ಅವನಿಗೆ ಕಸುಬಾಗಿತ್ತು, ಈಗ ಧರ್ಮವಾಗಿತ್ತು.

"ಲೆಸ್ಟರ್, ಆರು ವಾರ ಆಯ್ತು ಮಾರಾಯಾ."

"ಹ್ಞೂಂ."

"ಇದನ್ನ ತೊಳೆಯೋದು ಯಾವಾಗ?"

ಇಲ್ಲಿ ಲೆಸ್ಟರ್ ನಿಜ ಹೇಳಬಹುದಿತ್ತು. 'ಮುಟ್ಟೋಕೆ ಹೆದರಿಕೆ ಕಣೋ' ಎಂದಿದ್ದರೆ ಈ ಕಥೆ ಇಲ್ಲಿಗೆ ಮುಗಿದು ಎಲ್ಲರೂ ಸುಖವಾಗಿರುತ್ತಿದ್ದರು. ಆದರೆ ಅವನು ಹಿಂದಿನ ದಿನವಷ್ಟೇ ಕ್ಷೌರದಂಗಡಿಯಲ್ಲಿ ಹಳೇ ಕಾರುಗಳ ಪತ್ರಿಕೆಯೊಂದರಲ್ಲಿ, ಸಿಕ್ಕ ಸ್ಥಿತಿಯಲ್ಲೇ ಇಟ್ಟ ಕಾರಿಗೆ ಬೆಲೆ ಹೆಚ್ಚು ಎಂಬ ಲೇಖನದ ಅರ್ಧ ಪುಟ ಓದಿದ್ದ. ಉಳಿದರ್ಧ ಓದುವಷ್ಟರಲ್ಲಿ ಅವನ ಸರದಿ ಬಂದಿತ್ತು. ಆ ಅರ್ಧ ಪುಟದ ಬಲದ ಮೇಲೆ ಅವನು ಕಾಫಿ ಒಂದು ಗುಟುಕು ಕುಡಿದು ಹೇಳಿದ:

"ತೊಳೆಯೋದಾ? ಇಂಥ ಕಾರನ್ನ ತಿಳಿದೋರು ಯಾರೂ ತೊಳೆಯಲ್ಲ ವರ್ಜಿಲ್. ಇದು ಮೂಲ ಧೂಳು."

"ಮೂಲ ಧೂಳು," ಎಂದ ವರ್ಜಿಲ್.

"ಕಾರಿನ ಜೊತೆಗೇ ಬಂದಿದ್ದು."

ವರ್ಜಿಲ್ ಬೇಲಿಯ ಮೇಲಿಟ್ಟಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ.

ಆ ಭಾನುವಾರ ಅಗ್ನಿಶಾಮಕ ಠಾಣೆಯಲ್ಲಿ ಪ್ಯಾನ್‌ಕೇಕ್ ತಿಂಡಿ. ವರ್ಜಿಲ್ ಮೊದಲನೆಯ ಮೇಜಿನಲ್ಲಿ ಕೂತಾಗ ಡೊಂಬೆಕ್ ಮನೆ ಮುಂದೆ ಇದ್ದದ್ದು ಒಂದು ಕೊಳಕು ಕಾರು. ಅವನು ಕೊನೆಯ ಮೇಜಿನಿಂದ ಏಳುವಾಗ ಅದು ನಲವತ್ತಮೂರು ವರ್ಷ ಮನುಷ್ಯರ ಕೈ ಸೋಕದ ಅಮೂಲ್ಯ ವಸ್ತುವಾಗಿತ್ತು.

ಸೋಮವಾರ ಬೆಳಿಗ್ಗೆ ಡಾಕ್ಟರ್ ರೋಲಂಡ್ ಪೆಟಿಗ್ರೂ ಬಂದಿಳಿದರು. ಅವರು ಊರಿನ ದಂತವೈದ್ಯರು, ಜಿಲ್ಲೆಯ ಹಳೇ ಕಾರು ಸಂಘದ ಅಧ್ಯಕ್ಷರು. ದಿನವೆಲ್ಲ ಜನರ ಹಲ್ಲಿನ ಕೊಳೆ ಕೆರೆದು ತೆಗೆಯುವ ಈ ಮಹನೀಯರು ಕಾರಿನ ಕೊಳೆಯ ಪರಮಭಕ್ತರು. ಬಿಳಿ ಕೈಗವಸು ಹಾಕಿಕೊಂಡು, ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಚಕ್ರಗಳ ಸಂದಿಗೆ ತೂರಿಸಿ ನೋಡಿದರು. ಲೆಸ್ಟರ್ ಬಾನೆಟ್ ಎತ್ತುವಾಗ ಅಭ್ಯಾಸಬಲದಿಂದ "ಇನ್ನೂ ಸ್ವಲ್ಪ ಅಗಲ" ಎಂದರು. ಹಿಂದಿನ ಸೀಟಿನ ಮೇಲಿನ ಕೋಳಿಪಿಕ್ಕೆಯನ್ನು ಬಹಳ ಹೊತ್ತು ದಿಟ್ಟಿಸಿ, "ಯಾವ ಜಾತಿ?" ಎಂದು ಕೇಳಿದರು.

"ಕಂದು ಕೋಳಿ, ಡಾಕ್ಟ್ರೇ."

ಡಾಕ್ಟರು ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಹಿಂಭಾಗಕ್ಕೆ ಬಂದು, ಡಿಕ್ಕಿಯ ಮುಚ್ಚಳ ನೋಡಿ, ಹಾಗೇ ನಿಂತುಬಿಟ್ಟರು. ದಪ್ಪ ಧೂಳಿನ ಮೇಲೆ ಸ್ಪಷ್ಟವಾಗಿ ಒಂದು ಅಂಗೈ ಮೂಡಿತ್ತು, ಐದು ಬೆರಳು ಸಮೇತ.

"ಇದು ಯಾರದು?" ಎಂದರು, ಪಿಸುದನಿಯಲ್ಲಿ.

ಬಾಗಿಲ ಮೆಟ್ಟಿಲ ಮೇಲೆ ನಿಂತಿದ್ದ ವಾಂಡಾ ಎರಡೂ ಕೈಗಳನ್ನು ಏಪ್ರನ್ನಿನ ಜೇಬಿಗೆ ಇಳಿಸಿದಳು. ಲೆಸ್ಟರ್ ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು ಮುಂದಿನ ಪ್ರಶ್ನೆ ಎಸೆದಿದ್ದರು.

"ಮೊದಲನೇ ಮಾಲೀಕ ಯಾರು?"

ಇದಕ್ಕೆ ಲೆಸ್ಟರನ ಹತ್ತಿರ ಉತ್ತರವಿತ್ತು. ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಹಳೆಯ ನೋಂದಣಿ ಚೀಟಿಯಿತ್ತು. "ಡ್ಯೂಯಿ ಲ್ಯಾಂಡ್‌ಗ್ರಾಫ್ ಅಂತ. ಇಪ್ಪತ್ತೊಂದು ವರ್ಷದ ಹುಡುಗ."

"ಏನಾದ?"

"ಯುದ್ಧಕ್ಕೆ ಹೋದ. ವಿಯೆಟ್ನಾಂಗೆ."

"ಆಮೇಲೆ?"

"ಆಮೇಲೆ..." ಲೆಸ್ಟರ್ ಆಲ್ಮಾ ಹೇಳಿದ್ದನ್ನು ನೆನಪಿಸಿಕೊಂಡ. "ಕಾರು ಅಲ್ಲೇ ಉಳೀತು."

ಡಾಕ್ಟರು ಟೋಪಿ ತೆಗೆದರು. ಬೇಲಿಯಾಚೆ ವರ್ಜಿಲ್ ಕೂಡ ತೆಗೆದ. ಇಬ್ಬರು ಟೋಪಿ ತೆಗೆದಾಗ ತಾನೊಬ್ಬ ಹಾಗೇ ನಿಲ್ಲುವುದು ಸರಿಯಲ್ಲವೆಂದು ಲೆಸ್ಟರ್ ಕೂಡ ತೆಗೆದ. ಆ ಒಂದು ದಾಕ್ಷಿಣ್ಯದಿಂದ ಡ್ಯೂಯಿ ಲ್ಯಾಂಡ್‌ಗ್ರಾಫ್‌ನ ಸಾವು ಖಚಿತವಾಯಿತು.

"ಹೊರಡೋ ಮುಂಚೆ ಹುಡುಗ ಕಾರಿನ ಮೇಲೆ ಕೈಯಿಟ್ಟಿದಾನೆ," ಎಂದರು ಡಾಕ್ಟರು. "ಎಷ್ಟು ಸಣ್ಣ ಕೈ ನೋಡಿ. ಇನ್ನೂ ಮಗು."

ಅವರು ಹೋದ ಮೇಲೆ ವಾಂಡಾ ಜೇಬಿನಿಂದ ಕೈ ತೆಗೆದಳು. "ಲೆಸ್ಟರ್, ಅದು ನನ್ನ ಕೈ."

"ಗೊತ್ತು."

"ಹೇಳಲಿಲ್ಲ ಯಾಕೆ?"

"ಟೋಪಿ ತೆಗೆದುಬಿಟ್ಟಿದ್ರಲ್ಲೇ."

ಮರುವಾರ ಟೌನ್‌ಶಿಪ್ಪಿನ ಅಧಿಕಾರಿ ಹಾಲಿಸ್ ಗ್ರೇಬಿಲ್ ನೋಟೀಸು ಹಿಡಿದು ಬಂದ. ಓಡದ ವಾಹನ ಮೂವತ್ತು ದಿನಕ್ಕಿಂತ ಹೆಚ್ಚು ಕಾಲ ಮನೆ ಮುಂದೆ ನಿಂತರೆ ಅದು ಗುಜರಿ ಎಂದು ಊರಿನ ನಿಯಮ. ಗ್ರೇಬಿಲ್ ನಿಯಮ ಪುಸ್ತಕವನ್ನು ತನ್ನ ಸ್ವಂತ ಮಗುವಿನಂತೆ ಎದೆಗೊತ್ತಿಕೊಂಡು ತಿರುಗುವ ಪ್ರಾಮಾಣಿಕ ಮನುಷ್ಯ.

"ಮಿಸ್ಟರ್ ಡೊಂಬೆಕ್, ಇದು ಕಾರೋ ಗುಜರಿಯೋ, ನೀವೇ ಹೇಳಿ. ನನ್ನ ಹತ್ರ ಎರಡೇ ಕಾಲಂ ಇರೋದು."

ಲೆಸ್ಟರ್ ಉತ್ತರಿಸುವ ಮೊದಲೇ ಬೇಲಿಯಾಚೆಯಿಂದ ಉತ್ತರ ಬಂತು. "ಸ್ಮಾರಕ," ಎಂದ ವರ್ಜಿಲ್. ಮೊದಲ ವಾರ ಈ ಕಾರಿನ ಮೇಲೆ ಟೌನ್‌ಶಿಪ್ಪಿಗೆ ದೂರು ಬರೆದವನೂ ಅವನೇ ಎಂಬುದು ಬೇರೆ ಮಾತು.

ಸ್ಮಾರಕಕ್ಕೆ ಕಾಲಂ ಇರಲಿಲ್ಲವಾದ್ದರಿಂದ ವಿಷಯ ಮಂಡಳಿಗೆ ಹೋಯಿತು. ಚರಂಡಿ ರಿಪೇರಿಗೂ ನಾಯಿ ಪರವಾನಗಿಗೂ ನಡುವೆ ಡಾಕ್ಟರ್ ಪೆಟಿಗ್ರೂ ನಲವತ್ತು ನಿಮಿಷ ಮಾತಾಡಿದರು. ಮಂಡಳಿಯ ಸದಸ್ಯರಲ್ಲಿ ಮೂವರ ಹಲ್ಲು ಅವರ ಸುಪರ್ದಿಯಲ್ಲೇ ಇದ್ದವು. ಒಮ್ಮತದ ಠರಾವಾಯಿತು: ಸದರಿ ಕಾರನ್ನು ಡ್ಯೂಯಿ ಲ್ಯಾಂಡ್‌ಗ್ರಾಫ್ ಬಿಟ್ಟುಹೋದ ಸ್ಥಿತಿಯಲ್ಲೇ ಕಾಪಾಡತಕ್ಕದ್ದು, ತೊಳೆಯಕೂಡದು, ಒರೆಸಕೂಡದು, ಕದಲಿಸಕೂಡದು. ಲೆಸ್ಟರ್ ಸಹಿ ಹಾಕಿದ. ಎಲ್ಲಿ ಸಹಿ ಹಾಕು ಎಂದರೆ ಅಲ್ಲಿ ಹಾಕುವುದು ಅವನ ಬಹುಕಾಲದ ಅಭ್ಯಾಸ.

ಜುಲೈ ಹೊತ್ತಿಗೆ ಅವನ ಮನೆ ಮುಂದೆ ಮಡಚು ಕುರ್ಚಿ ಹಾಕಲು ಜಾಗವಿರಲಿಲ್ಲ. ಸುತ್ತಮುತ್ತಲ ಊರುಗಳಿಂದ ಜನ ಬಂದರು. ಧೂಳಿನಡಿ ಬಣ್ಣ ಯಾವುದಿರಬಹುದೆಂದು ಒಬ್ಬ ನೀಲಿ ಎಂದ, ಒಬ್ಬ ಕೆಂಪು ಎಂದ, ಇಬ್ಬರೂ ಮಾತು ಬಿಟ್ಟರು. ಇಂಜಿನ್ ಯಾವುದು, ಗೇರು ಎಷ್ಟು, ಹುಡುಗನಿಗೆ ಪ್ರೇಯಸಿ ಇದ್ದಳೇ, ಕೋಳಿ ಈಗೆಲ್ಲಿದೆ, ಎಲ್ಲವನ್ನೂ ಕೇಳಿದರು. ವರ್ಜಿಲ್ ಹಗ್ಗ ಕಟ್ಟಿ, ಕೋಲು ಹಿಡಿದು ವಿವರಣೆ ಕೊಡಲು ನಿಂತ. "ಹತ್ತಿರ ಬಂದವರು ಸೀನಬೇಡಿ," ಎನ್ನುತ್ತಿದ್ದ. ಒಂದು ದಿನ ಪಶ್ಚಿಮದಲ್ಲಿ ಮೋಡ ಕವಿದಾಗ ಸಂಘದವರು ಯಾರದೋ ಮದುವೆಯ ಬಿಳಿ ಡೇರೆಯನ್ನು ಅರ್ಧ ಊಟದಲ್ಲಿ ಕಿತ್ತು ತಂದು ಕಾರಿನ ಮೇಲೆ ನಿಲ್ಲಿಸಿದರು. ಮದುಮಗನೇ ಒಂದು ಗೂಟ ಹಿಡಿದಿದ್ದ.

ವಾಂಡಾಳ ಅಂಗಡಿಗೆ ಬಂದವರೆಲ್ಲ ಅವಳ ಪುಣ್ಯವನ್ನು ಹೊಗಳಿದರು. ಅವಳು ಹಲ್ಲು ಕಚ್ಚಿ ಇಸ್ತ್ರಿ ಒತ್ತಿದಳು. ರಾತ್ರಿಯೂಟಕ್ಕೆ ಕೂತಾಗ ಲೆಸ್ಟರನಿಗೆ ಹೇಳಿದಳು: "ಜೀವನಪೂರ್ತಿ ಊರಿನ ಕೊಳೆ ತೆಗೆದೆ. ಈಗ ನಮ್ಮನೆ ಮುಂದೆ ಕೊಳೆಗೇ ಡೇರೆ ಹಾಕಿದಾರೆ. ಸೆಪ್ಟೆಂಬರ್ ಹದಿನೈದು ಶನಿವಾರ ಬರುತ್ತೆ, ನೆನಪಿದೆಯಾ?"

"ನೆನಪಿದೆ."

"ಏನ್ ಮಾಡ್ತೀಯ?"

ಲೆಸ್ಟರ್ ಮಾಡಬೇಕಾದ್ದನ್ನು ಮಾಡಲು ನಿರ್ಧರಿಸಿದ. ನಿಜ ಹೇಳಿಬಿಡುವುದು. ಮನೆ ಮುಂದೆ ಯಾವಾಗಲೂ ಜಾತ್ರೆಯಂತೆ ಜನ ಇರುತ್ತಿದ್ದುದರಿಂದ ಡಾಕ್ಟರನ್ನು ಏಕಾಂತದಲ್ಲಿ ಕಾಣಲು ಇದ್ದದ್ದು ಒಂದೇ ಜಾಗ. ಅವನು ಹಲ್ಲು ತೋರಿಸುವ ನೆಪದಲ್ಲಿ ಹೆಸರು ಬರೆಸಿದ. ಆದರೆ ಅಲ್ಲಿನ ಕುರ್ಚಿಯಲ್ಲಿ ಮಾತಾಡುವ ಸರದಿ ಯಾರದೆಂದು ಅವನು ಯೋಚಿಸಿರಲಿಲ್ಲ. ಎರಡು ಮಾತಾಡುವಷ್ಟರಲ್ಲಿ ಬಾಯೊಳಗೆ ನಾಲ್ಕು ಹತ್ತಿಯುಂಡೆ, ಒಂದು ಕನ್ನಡಿ, ಎಂಜಲು ಹೀರುವ ಕೊಳವೆ ಕೂತಿದ್ದವು. ಆದರೂ ಅವನು ಧೈರ್ಯಗುಂದದೆ 'ಆ ಕೈ ನಮ್ಮನೆಯವಳದು' ಎಂದು ಹೇಳಿಯೇ ಹೇಳಿದ. ಹೊರಬಂದದ್ದು ಹೀಗೆ:

"ಆ ಹೈ... ಅಮ್ಮ... ಅಳು..."

ಡಾಕ್ಟರ ಕೈ ಗಾಳಿಯಲ್ಲೇ ನಿಂತಿತು. "ಅಮ್ಮ ಅಳು? ಹುಡುಗನ ತಾಯಿ ಅತ್ತಳಾ?"

ಲೆಸ್ಟರ್ ಜೋರಾಗಿ ತಲೆಯಲ್ಲಾಡಿಸಿದ. ಹತ್ತಿಯುಂಡೆಗಳ ಭಾರಕ್ಕೆ ತಲೆ ಅಡ್ಡಡ್ಡ ಆಡುವ ಬದಲು ಮೇಲಿನಿಂದ ಕೆಳಕ್ಕೆ ಆಡಿತು.

"ಕಾರಿನ ಮೇಲೆ ಬಿದ್ದು ಅತ್ತಳಾ?" ಡಾಕ್ಟರ ಕಣ್ಣು ತೇವವಾಯಿತು. ಆ ಭಾವಾವೇಶದಲ್ಲಿ ಅವರು ಚೆನ್ನಾಗಿದ್ದ ಒಂದು ಹಲ್ಲನ್ನೂ ತುಂಬಿ ಕಳಿಸಿದರು.

ಗುರುವಾರದ ವಾರಪತ್ರಿಕೆಯ ಮೊದಲ ಪುಟದಲ್ಲಿ ತಾಯಿಯ ಕಣ್ಣೀರು ಬಿದ್ದ ಡಿಕ್ಕಿಯ ಚಿತ್ರ ಬಂತು. ಆಗಸ್ಟ್ ಹದಿನೆಂಟರ ಶನಿವಾರ ಹುತಾತ್ಮ ಡ್ಯೂಯಿ ಲ್ಯಾಂಡ್‌ಗ್ರಾಫ್‌ಗೆ ಹೂಮಾಲೆ ಅರ್ಪಿಸಲಾಗುವುದೆಂದೂ, ಅವನು ನಮ್ಮೂರ ಹುಡುಗನಲ್ಲದಿದ್ದರೇನು, ಅವನ ಧೂಳು ನಮ್ಮೂರಿನದೆಂದೂ ಸಂಪಾದಕರು ಬರೆದಿದ್ದರು.

ಆ ಶನಿವಾರ ಮಟಮಟ ಮಧ್ಯಾಹ್ನ. ಶಾಲೆಯ ಬ್ಯಾಂಡು ಬಂತು. ಹಳೇ ಸೈನಿಕರು ಟೋಪಿ ಹಾಕಿಕೊಂಡು ಬಂದರು. ಅವರಲ್ಲಿ ಒಬ್ಬ ಮುದುಕ ಊರುಗೋಲು ಬಿಟ್ಟು ನೆಟ್ಟಗೆ ನಿಂತು ಡಿಕ್ಕಿಗೆ ಸಲಾಮು ಹೊಡೆದ. ಅದನ್ನು ಕಂಡ ಲೆಸ್ಟರ್ ಇನ್ನು ತಡೆಯಲಾರೆ ಎಂದು ಮುಂದಕ್ಕೆ ಹೆಜ್ಜೆಯಿಟ್ಟು, "ಎಲ್ರೂ ಕೇಳಿ, ನಾನೊಂದು ಮಾತು ಹೇಳ್ಬೇಕು," ಎಂದ. ಬ್ಯಾಂಡಿನವರು ಅದನ್ನೇ ಸನ್ನೆಯೆಂದು ತಿಳಿದು ಊದಲು ಶುರುಮಾಡಿದರು.

ಬ್ಯಾಂಡು ನಿಂತಾಗ ಜನರ ಹಿಂದಿನಿಂದ ಒಂದು ದನಿ ಕೇಳಿತು. "ಸ್ವಲ್ಪ ದಾರಿ ಬಿಡ್ತೀರಾ? ನಮ್ಮನೆಯವಳು ಹೂವಿನ ಫೋಟೋ ತಗೊಂಡ್ ಬಾ ಅಂದಿದಾಳೆ."

ದಢೂತಿ ಮನುಷ್ಯ, ಅರವತ್ತೈದರ ಆಸುಪಾಸು, ಗಿಡ್ಡ ಚಡ್ಡಿ, ಕೈಯಲ್ಲಿ ಮಡಚಿದ ವಾರಪತ್ರಿಕೆ. ಅವನು ಹಗ್ಗ ಎತ್ತಿ ಒಳಗೆ ಬಂದ.

"ಸಾರ್, ಹಗ್ಗದಾಚೆ ಇರಿ," ಎಂದ ವರ್ಜಿಲ್. "ತೀರಿಕೊಂಡೋರ ಕಾರು."

"ಅದನ್ನೇ ಕೇಳೋಣ ಅಂತ ಬಂದೆ. ನಾನು ಡ್ಯೂಯಿ ಲ್ಯಾಂಡ್‌ಗ್ರಾಫ್. ಬೆಳಿಗ್ಗೆ ಕಾಫಿ ಕುಡೀತಾ ಕೂತಿದ್ದೆ. ಹೆಂಡತಿ ಪೇಪರ್ ನೋಡಿ, 'ಡ್ಯೂಯಿ, ನೀನು ಸತ್ತಿದೀಯ' ಅಂದ್ಲು."

ಡೋಲು ಬಾರಿಸುವವನ ಕೈಯಿಂದ ಕೋಲು ಬಿತ್ತು. ಗ್ರೇಬಿಲ್ ಅವನ ಡ್ರೈವಿಂಗ್ ಪರವಾನಗಿ ಈಸಿಕೊಂಡು ಎರಡು ಸಲ ಓದಿ, "ಹೌದು, ಇವರೇ," ಎಂದ. ಆ ದನಿಯಲ್ಲಿ ಸಂತೋಷಕ್ಕಿಂತ ಹೆಚ್ಚಾಗಿ ಕಾಲಂ ಬದಲಾಯಿಸಬೇಕಾದ ಸಂಕಟವಿತ್ತು.

"ನೀವು... ವಿಯೆಟ್ನಾಂನಲ್ಲಿ..." ಡಾಕ್ಟರ್ ಪೆಟಿಗ್ರೂ ತೊದಲಿದರು.

"ಇದ್ದೆ. ಹದಿನಾಲ್ಕು ತಿಂಗಳು ಆಲೂಗಡ್ಡೆ ಬೇಯಿಸಿದೆ. ಹೋಗುವಾಗ ಕಡ್ಡಿ ಥರ ಇದ್ದೆ, ಬರುವಾಗ ಹೀಗಾದೆ. ಬಂದು ಮದುವೆ ಆದೆ, ಒಂದರ ಹಿಂದೊಂದು ಮೂರು ಮಕ್ಕಳು. ಇದರ ಹಿಂದಿನ ಸೀಟಿಗೆ ಅವರು ಹಿಡೀಲಿಲ್ಲ. ಅಣ್ಣನಿಗೇ ಮಾರಿದೆ."

"ಹಾಗಾದ್ರೆ ಈ ಕೈ?" ಡಾಕ್ಟರು ಕೊನೆಯ ಆಸರೆಯೆಂಬಂತೆ ಡಿಕ್ಕಿ ತೋರಿಸಿದರು.

ಡ್ಯೂಯಿ ತನ್ನ ಅಂಗೈಯನ್ನು ಆ ಗುರುತಿನ ಮೇಲೆ ಹಿಡಿದ. ಮೊರಕ್ಕೂ ಚಮಚಕ್ಕೂ ಇರುವಷ್ಟು ಅಂತರ. "ನನ್ನದಲ್ಲ."

ಆಗ ವಾಂಡಾ ಮೆಟ್ಟಿಲಿಳಿದು ಬಂದಳು. ಎರಡು ತಿಂಗಳಿಂದ ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡಿದ್ದ ಕೈಯನ್ನು ತೆಗೆದು ಧೂಳಿನ ಮೇಲೆ ಇಟ್ಟಳು. ಐದು ಬೆರಳೂ ಐದು ಗೂಡಿಗೆ ಕೂತವು. "ಟ್ರೇಲರಿಂದ ಇಳಿಸುವಾಗ ತಳ್ಳಿದ್ದು ಯಾರು ಅನ್ಕೊಂಡ್ರಿ? ಇವನು ಒಳಗೆ ಕೂತು ದಾರಿ ತೋರಿಸ್ತಿದ್ದ."

ಜನರ ಕಣ್ಣುಗಳೆಲ್ಲ ಲೆಸ್ಟರನ ಕಡೆ ತಿರುಗಿದವು. ಅವನು ಇಂಗು ತಿಂದ ಮಂಗನಂತೆ ನಿಂತಿದ್ದ. "ನಾನು ಸುಳ್ಳು ಹೇಳಲಿಲ್ಲ," ಎಂದ. "ಆದ್ರೆ ನಿಜಾನೂ ಹೇಳಲಿಲ್ಲ. ಮೂಲ ಧೂಳು ಅಂತ ಏನೂ ಇಲ್ಲ. ನನಗೆ ಕಾರು ಬಿಚ್ಚೋಕೆ ಬರಲ್ಲ. ಹೆದರಿಕೆ ಆಯ್ತು. ಅಷ್ಟೇ."

ಊರುಗೋಲಿನ ಮುದುಕ ಏನಾದರೂ ಅನ್ನುವನೆಂದು ಎಲ್ಲರೂ ಕಾದರು. ಅವನು ಡ್ಯೂಯಿಯ ಹತ್ತಿರ ಹೋಗಿ, ಅವನ ತೋಳನ್ನು ಒಮ್ಮೆ ಹಿಸುಕಿ ನೋಡಿ, "ಸತ್ತೋರಲ್ಲಿ ಒಬ್ಬ ಕಮ್ಮಿ ಆದ," ಎಂದ. "ಒಳ್ಳೇದಾಯ್ತು."

ಡ್ಯೂಯಿ ಹೂಮಾಲೆಯನ್ನು ಎತ್ತಿಕೊಂಡ. ಲೆಸ್ಟರನ ಮನೆಯಿಂದ ನೂರು ಹೆಜ್ಜೆ ದೂರದಲ್ಲಿ ಯುದ್ಧದಲ್ಲಿ ಮಡಿದ ಊರಿನ ಸೈನಿಕರ ಕಲ್ಲಿತ್ತು, ಅದರ ಮೇಲೆ ಆರು ಹೆಸರು. ಅವನು ಆರನ್ನೂ ನಿಧಾನವಾಗಿ ಓದಿ, ಹೂವನ್ನು ಅಲ್ಲಿಟ್ಟ. "ಇವರ್ಯಾರನ್ನೂ ನಾನು ನೋಡಿದೋನಲ್ಲ. ಹೂವು ಮಾತ್ರ ಇವರದು." ಬ್ಯಾಂಡಿನವರು ಅಲ್ಲಿಗೆ ಬಂದು ಇನ್ನೊಮ್ಮೆ ಊದಿದರು. ಈ ಸಲ ಚೆನ್ನಾಗಿ ಊದಿದರು.

ವಾಪಸು ಬಂದ ಮೇಲೆ ಡ್ಯೂಯಿ ಕಾರಿನ ಸುತ್ತ ಒಂದು ಸುತ್ತು ಹಾಕಿದ. ಅವನ ಮುಖ ಗಂಟಿಕ್ಕಿತು.

"ಇದ್ಯಾಕೆ ಇಷ್ಟು ಗಲೀಜಾಗಿದೆ?"

"ನೀವು ಬಿಟ್ಟುಹೋದ ಸ್ಥಿತಿಯಲ್ಲೇ ಕಾಪಾಡಿದೀವಿ," ಎಂದರು ಡಾಕ್ಟರು, ಸೋತ ದನಿಯಲ್ಲಿ.

"ನಾನು ಬಿಟ್ಟುಹೋದ ಸ್ಥಿತೀಲಾ? ನಾನು ಇದನ್ನ ಪ್ರತಿ ಶನಿವಾರ ತೊಳೀತಿದ್ದೆ. ಹೋಗೋ ದಿನ ಎರಡು ಸಲ ಮೇಣ ಹಚ್ಚಿ, ಅಮ್ಮನ ಹೊಸ ಟವಲ್ಲಲ್ಲಿ ಒರೆಸಿ ಬಿಟ್ಟುಹೋಗಿದ್ದೆ. ಅಮ್ಮ ಅತ್ತಿದ್ದು ನಿಜ. ಟವಲ್ಲಿಗೆ."

ಗ್ರೇಬಿಲ್ ಠರಾವಿನ ಪ್ರತಿ ತೆಗೆದು ಕನ್ನಡಕ ಸರಿಮಾಡಿಕೊಂಡ. ಬೆರಳಿಟ್ಟು ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಬಹಳ ಗಂಭೀರವಾಗಿ ತಲೆಯೆತ್ತಿದ.

"ಮಿಸ್ಟರ್ ಡೊಂಬೆಕ್, 'ಡ್ಯೂಯಿ ಲ್ಯಾಂಡ್‌ಗ್ರಾಫ್ ಬಿಟ್ಟುಹೋದ ಸ್ಥಿತಿಯಲ್ಲೇ' ಅಂತಿದೆ. ಅಂದ್ರೆ ಜುಲೈಯಿಂದ ಇವತ್ತಿನ ತನಕ ನೀವು ಠರಾವು ಮೀರಿದೀರಿ. ದಯವಿಟ್ಟು ತೊಳೀರಿ."

ಅದನ್ನು ಕೇಳಲು ವಾಂಡಾ ಬೇಸಿಗೆಯೆಲ್ಲ ಕಾದಿದ್ದಳು. ಗಾಡಿ ತುಂಬ ಬಕೆಟ್ಟು, ಮೆದು ಬಟ್ಟೆ, ಹೆಸರಿಲ್ಲದ ಬಾಟಲಿಗಳು ಅಂಗಡಿಯಿಂದ ಬಂದವು. "ಉಜ್ಜಬೇಡಿ, ಮೊದಲು ನೆನೀಲಿ," ಎಂದು ಅವಳು ಇಡೀ ಊರಿಗೆ ಆಜ್ಞೆ ಮಾಡಿದಳು. ಡಾಕ್ಟರು ಬೇಡಿಕೊಂಡಿದ್ದಕ್ಕೆ ಬಾಯಿ ಮುಕ್ಕಳಿಸುವ ಒಂದು ಲೋಟದಷ್ಟು ಧೂಳನ್ನು ಅವರಿಗೆ ಕೊಟ್ಟಳು. ನೀರು ಕಪ್ಪಾಗಿ ಹರಿಯಿತು, ಆಮೇಲೆ ಕಂದಾಗಿ, ಆಮೇಲೆ ತಿಳಿಯಾಗಿ. ಜನ ಒಬ್ಬರ ಹೆಗಲ ಮೇಲೊಬ್ಬರು ಇಣುಕಿದರು. ನೀಲಿ ಎಂದವನೂ ಕೆಂಪು ಎಂದವನೂ ಅಕ್ಕಪಕ್ಕ ನಿಂತಿದ್ದರು. ಸಂಜೆ ನಾಲ್ಕಕ್ಕೆ ಬಾಗಿಲಿನ ಮೇಲೆ ಕಡು ಹಸಿರು ಕಾಣಿಸಿತು. ಲೆಸ್ಟರ್ ಒಂದೇ ಜಾಗವನ್ನು ಬಹಳ ಹೊತ್ತು ಒರೆಸಿದ.

ಇನ್ನು ನಾಲ್ಕೇ ವಾರ ಉಳಿದಿತ್ತು. ಡ್ಯೂಯಿ ಪಕ್ಕದ ಜಿಲ್ಲೆಯಿಂದ ಪ್ರತಿದಿನ ಬೆಳಿಗ್ಗೆ ಬಂದ. ಅವನು ಕೂಡ ನಿವೃತ್ತ. ಸತ್ತವನೆಂದು ಪತ್ರಿಕೆಯಲ್ಲಿ ಬಂದ ಮೇಲೆ ಮನೆಯಲ್ಲಿ ಯಾರೂ ಅವನಿಗೆ ಕೆಲಸ ಹೇಳುತ್ತಿರಲಿಲ್ಲವಂತೆ. ಮೊದಲ ದಿನ ಲೆಸ್ಟರನ ಕೈಗೆ ಸ್ಪ್ಯಾನರ್ ಕೊಟ್ಟು, "ಬಿಚ್ಚು," ಎಂದ.

"ಆಮೇಲೆ ಎಲ್ಲಿಗೆ ಸೇರಿಸ್ಬೇಕು ಅಂತ ಗೊತ್ತಾಗ್ದಿದ್ರೆ?"

"ಎಲ್ಲಿ ತೂತು ಖಾಲಿ ಇದೆಯೋ ಅಲ್ಲಿಗೆ."

ಇಷ್ಟು ಸರಳವಾದ ಮಾತು ಆ ದಪ್ಪ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಲೆಸ್ಟರ್ ಒಂದು ಬಿಚ್ಚಿದ, ಹತ್ತು ಬಿಚ್ಚಿದ. ಇದರ ಹಿಂದೆ ಏನಿದೆಯೋ ನೋಡೋಣ, ಅದರ ಹಿಂದೆ ಏನಿದೆಯೋ ಎಂಬ ಕುತೂಹಲ ಅವನ ಹೆದರಿಕೆಯನ್ನು ಸ್ವಲ್ಪ ಸ್ವಲ್ಪವಾಗಿ ತಿಂದುಹಾಕಿತು. ಊಟಕ್ಕೆ ಕರೆದರೆ ಕಾರಿನಡಿಯಿಂದ ಎರಡು ಕಾಲು ಮಾತ್ರ ಉತ್ತರ ಕೊಡುತ್ತಿದ್ದವು. ಟ್ಯಾಂಕಿನಿಂದ ತೆಗೆದ ಪೆಟ್ರೋಲ್ ಹಳೇ ವಾರ್ನಿಷ್ ಆಗಿತ್ತು. ಗಾಳಿ ಸೋಸುವ ಡಬ್ಬಿಯಲ್ಲಿ ಇಲಿಯ ಸಂಸಾರದ ಹಾಸಿಗೆ ಸಿಕ್ಕಿತು. ಕಾರ್ಬ್ಯುರೇಟರ್ ಬಿಡಿಬಿಡಿಯಾಗಿ ವಾಂಡಾಳ ಇಸ್ತ್ರಿ ಮೇಜಿನ ಮೇಲೆ ಸ್ನಾನ ಮಾಡಿತು. ಬ್ರೇಕಿನ ಕೊಳವೆಗಳನ್ನೆಲ್ಲ ಹೊಸದಾಗಿ ಎಳೆದರು. ವರ್ಜಿಲ್ ಬೇಲಿಯ ಮೇಲೆ ಕೂತು ಬಿಚ್ಚಿದ ಬೋಲ್ಟುಗಳನ್ನು ಎಣಿಸಿ ಬರೆದಿಟ್ಟುಕೊಂಡ. ಇಣುಕುವವನಿಂದಲೂ ಉಪಕಾರವಿದೆ ಎಂದು ಆಗ ಗೊತ್ತಾಯಿತು.

ಸೆಪ್ಟೆಂಬರ್ ಒಂಬತ್ತರಂದು ಲೆಸ್ಟರ್ ಕೀಲಿ ತಿರುಗಿಸಿದ. ಕಾರು ಕೆಮ್ಮಿತು. ಮತ್ತೆ ಕೆಮ್ಮಿತು. ಹೊಗೆಕೊಳವೆಯಲ್ಲಿ ಏನೋ ಅಡಚಿರಬೇಕೆಂದು ಡಾಕ್ಟರ್ ಪೆಟಿಗ್ರೂ ಪುಟ್ಟ ಕನ್ನಡಿ ಹಿಡಿದು ಹಿಂದೆ ಬಗ್ಗಿದರು. ಮೂರನೆಯ ಸಲ ಇಂಜಿನ್ ಹತ್ತಿಕೊಂಡಿತು. ನಲವತ್ತು ವರ್ಷದ ಕೋಳಿಪುಕ್ಕ, ಹುಲ್ಲು, ಮಸಿ, ಎಲ್ಲವೂ ಒಟ್ಟಿಗೆ ಹೊರಟು ಅವರ ಮೇಲೆ ಕೂತವು. ಅವರು ಎದ್ದು ನಿಂತು, ಕಣ್ಣಷ್ಟೇ ಒರೆಸಿಕೊಂಡು, "ಮೂಲ," ಎಂದರು. ಆ ಗುರುಗುಡುವಿಕೆ ಹುಲ್ಲಿನಡಿಯಿಂದ ಬಂದು ಎಲ್ಲರ ಅಂಗಾಲಿಗೆ ತಾಗುತ್ತಿತ್ತು. ಲೆಸ್ಟರ್ ಸ್ಟಿಯರಿಂಗ್ ಹಿಡಿದು ಸುಮ್ಮನೆ ಕೂತಿದ್ದ. ಪೆಟ್ರೋಲ್ ಖಾಲಿಯಾಗುತ್ತೆ ಎಂದು ವಾಂಡಾ ಕೊನೆಗೆ ಒಳಗೆ ಕೈಹಾಕಿ ಕೀಲಿ ತಿರುಗಿಸಿದಳು.

ಶನಿವಾರ ಬಂತು. ವಾಂಡಾ ನೀಲಿ ಉಡುಪು ತೊಟ್ಟು, ತಲೆಗೆ ಸ್ಕಾರ್ಫ್ ಕಟ್ಟಿ ಮುಂದಿನ ಸೀಟಿನಲ್ಲಿ ಕೂತಳು. ಹಿಂದಿನ ಸೀಟಿನಲ್ಲಿ ಡ್ಯೂಯಿಯೂ ಅವನ ಹೆಂಡತಿಯೂ ಕೂತರು. ನಲವತ್ತನೆಯ ವರ್ಷದ ದಿನ ಇಬ್ಬರೇ ಹೋಗಬಾರದೇ ಎಂದು ವರ್ಜಿಲ್ ಕೇಳಿದ್ದಕ್ಕೆ, "ದಾರೀಲಿ ನಿಂತ್ರೆ ತಳ್ಳೋಕೆ ನಾನೊಬ್ಳೇನಾ?" ಎಂದಳು ವಾಂಡಾ. ಲೆಸ್ಟರ್ ಊರು ದಾಟುವ ತನಕ ಶಿಸ್ತಾಗಿ ಓಡಿಸಿದ. ಊರಾಚೆ ರೈಲು ಹಳಿ ಬಂತು. ಅವನು ಶಾಲಾ ಬಸ್ಸಿನ ನಿಯಮದಂತೆ ಪೂರ್ತಿ ನಿಲ್ಲಿಸಿ, ತನ್ನ ಬಾಗಿಲು ತೆರೆದು, ಎಡಕ್ಕೂ ಬಲಕ್ಕೂ ಕಿವಿಗೊಟ್ಟು, ಕನ್ನಡಿಯಲ್ಲಿ ನೋಡುತ್ತ, "ಹಿಂದೆ ಯಾರೂ ನಿಂತ್ಕೋಬೇಡಿ," ಎಂದ. ಡ್ಯೂಯಿ ಸೀಟಿಗೆ ಇನ್ನಷ್ಟು ಒರಗಿ ಕೂತ.

"ಲೆಸ್ಟರ್," ಎಂದಳು ವಾಂಡಾ, "ಈ ಹಳಿ ಮೇಲೆ ರೈಲು ಬಂದು ಹನ್ನೊಂದು ವರ್ಷ ಆಯ್ತು."

"ಬರಲ್ಲ ಅಂತ ಏನು ಗ್ಯಾರಂಟಿ?"

ಸರೋವರದ ದಂಡೆಯ ಹೋಟೆಲಿನಲ್ಲಿ ಹುರಿದ ಮೀನು, ಕೋಸಿನ ಪಲ್ಯ, ಕೊನೆಗೆ ಚೆರ್ರಿ ಹಣ್ಣಿನ ಕಡುಬು ತಿಂದರು. ವಾಂಡಾ ಎರಡು ಸಲ ತಿಂದಳು. ಹೊರಗೆ ಬಂದಾಗ ಕಾರಿನ ಸುತ್ತ ಹತ್ತು ಜನ ನಿಂತು, ಯಾವ ವರ್ಷದ್ದು, ಇಂಜಿನ್ ಯಾವುದು ಎಂದು ಕೇಳುತ್ತಿದ್ದರು. ಲೆಸ್ಟರ್ ಪ್ರತಿಯೊಂದಕ್ಕೂ ನಿಜವಾದ ಉತ್ತರ ಕೊಟ್ಟ, ಎಲ್ಲವೂ ಅವನಿಗೆ ಗೊತ್ತಿತ್ತು. ಉತ್ತರ ಕೊಟ್ಟು ಮುಗಿಸಿ ತಿರುಗಿದರೆ ವಾಂಡಾ ಎಡಗಡೆಯ ಸೀಟಿನಲ್ಲಿ, ಸ್ಟಿಯರಿಂಗಿನ ಹಿಂದೆ ಕೂತು ಸ್ಕಾರ್ಫ್ ಬಿಗಿ ಮಾಡುತ್ತಿದ್ದಳು.

"ಕೀಲಿ," ಎಂದಳು.

"ನಿನಗೆ ಈ ಗೇರು..."

"ನಮ್ಮಪ್ಪನ ಲಾರಿ ಓಡಿಸ್ತಿದ್ದೆ, ನಿನ್ನ ಮದುವೆ ಆಗೋ ಮುಂಚೆ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಹತ್ತು."

ಲೆಸ್ಟರ್ ಹತ್ತಿದ. ಬಾಗಿಲು ಪೂರ್ತಿ ಮುಚ್ಚಿತೋ ಇಲ್ಲವೋ ನೋಡಲು ಅವನಿಗೆ ವ್ಯವಧಾನ ಸಿಗಲಿಲ್ಲ. ಹೋಟೆಲಿನ ಮುಂದೆ ನಿಂತಿದ್ದವರು ಈಗಲೂ ಹೇಳುತ್ತಾರೆ, ಆ ಹಸಿರು ಕಾರು ಇತ್ತು, ಆಮೇಲೆ ಇರಲಿಲ್ಲವೆಂದು. ಬಂದ ದಾರಿಗೆ ಮುಕ್ಕಾಲು ಗಂಟೆ ಹಿಡಿದಿತ್ತು. ವಾಪಸು ಹೋದ ದಾರಿಗೆ ಎಷ್ಟು ಹಿಡಿಯಿತೆಂದು ನಾಲ್ವರಲ್ಲಿ ಯಾರೂ ಗ್ರೇಬಿಲ್‌ಗೆ ಹೇಳಿಲ್ಲ. ರೈಲು ಹಳಿ ದಾಟುವಾಗ ನಾಲ್ಕೂ ಚಕ್ರ ನೆಲ ಬಿಟ್ಟಿದ್ದವು ಎಂದು ಡ್ಯೂಯಿ ಹೇಳುತ್ತಾನೆ. ಎರಡೇ ಎಂದು ಅವನ ಹೆಂಡತಿ ಹೇಳುತ್ತಾಳೆ. ಲೆಸ್ಟರನನ್ನು ಕೇಳಿ ಪ್ರಯೋಜನವಿಲ್ಲ. ಅವನು ಕಣ್ಣು ಮುಚ್ಚಿಕೊಂಡು, ಹಲ್ಲು ಬಿಟ್ಟು ನಗುತ್ತಿದ್ದ.